ಏನಾರ ತಾ, ಲಿಂಗಕ್ಕ

ನನ್ನ ಮೊಬೈಲಿಗೆ ನನ್ನ ಮನಸ್ಸು ಗೊತ್ತಂತೆ. ಅದನ್ನು ಮಾರಿದ ಹುಡುಗ ಹಾಗೆಂದು ಹೇಳಿದ. ಹೋದ ವರ್ಷ ಮಂಡಿನೋವಿಗೆ ಒಂದು ಪಟ್ಟಿ ಬೇಕಾಗಿ ಅದರಲ್ಲಿ ಹುಡುಕಿದ್ದೆ. ಅವತ್ತಿನಿಂದ ಅದು ದಿನಕ್ಕೆ ನಾಲ್ಕು ಸಲ ಮಂಡಿಪಟ್ಟಿ ತೋರಿಸುತ್ತಿದೆ, ನನಗೇನೋ ಇಪ್ಪತ್ತು ಮಂಡಿಗಳಿದ್ದ ಹಾಗೆ. ಬಳಸುವವರ ಇಷ್ಟಾನಿಷ್ಟ ಕಲಿತುಕೊಂಡು ಅವರ ಪರವಾಗಿ ತಾವೇ ತೀರ್ಮಾನ ಮಾಡುವ ಜಾಣ ಸಾಫ್ಟ್‌ವೇರುಗಳು ಬರುತ್ತಿವೆ, ಇನ್ನು ಜನ ಅಂಗಡಿಗೆ ಹೋಗಬೇಕಾಗಿಯೇ ಇಲ್ಲ ಎಂದು ಪತ್ರಿಕೆಯಲ್ಲೂ ಓದಿದೆ. ಓದಿ ನಗು ಬಂತು. ಪೆದ್ದಕಡುಬೂರಿನ ಹೆಂಗಸರು ಅಂಗಡಿಗೆ ಹೋಗುವುದನ್ನು ಸುಮಾರು ಐವತ್ತು ವರ್ಷದ ಹಿಂದೆಯೇ ಬಿಟ್ಟಿದ್ದೆವು. ನಮಗೆ ಲಿಂಗಕ್ಕ ಇದ್ದಳು.

ಆಂಧ್ರದ ಗಡಿಯ ಆ ಊರಿಗೆ ನಾನು ಸೊಸೆಯಾಗಿ ಬಂದದ್ದು 1974ರಲ್ಲಿ. ಅದೇ ವರ್ಷ ಅಲ್ಲಿಯ ಶಾಲೆಯಲ್ಲಿ ಕನ್ನಡ ಕಲಿಸುವ ಕೆಲಸವೂ ಸಿಕ್ಕಿತು. ಕಾವೇರಿಬಾಯಿ ಎಂಬ ನನ್ನ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿಯಿತು, ಊರಿಗೆಲ್ಲ ನಾನು ಟೀಚರಮ್ಮ. ಬಂದ ಎರಡನೇ ವಾರ ಕಟ್ಟೆಯ ಮುಂದೆ ಒಬ್ಬ ಗಟ್ಟಿಮುಟ್ಟಾದ ಹೆಂಗಸು ಬೆಣ್ಣೆಯ ಗಡಿಗೆ ಇಳಿಸಿ, "ಹೊಸ ಸೊಸಿ ಏನು ಉಡತಾಳ?" ಎಂದು ನಮ್ಮತ್ತೆಯನ್ನು ಕೇಳಿದಳು. ನಾನು ಅಲ್ಲೇ ನಿಂತಿದ್ದೆ. ನನ್ನನ್ನೇ ಕೇಳಬಾರದೇ ಎಂದು ಸಿಟ್ಟು ಬಂತು. ಅವಳೇ ಲಿಂಗಕ್ಕ.

ಅವಳ ಗಂಡನಿಗೆ ಕುರಿ ಇದ್ದವು, ಎರಡು ಎಮ್ಮೆಯೂ ಇದ್ದವು. ಸೋಮವಾರ ಮತ್ತು ಗುರುವಾರ ಬೆಳಗಿನ ಬಸ್ಸಿಗೆ ಬೆಣ್ಣೆ ಹೊತ್ತುಕೊಂಡು ಆದೋನಿಗೆ ಹೋಗಿ ಮಾರಿ ಬರುತ್ತಿದ್ದಳು. ಹೋಗುವಾಗ ಗಡಿಗೆ ತುಂಬಿರುತ್ತಿತ್ತು, ಬರುವಾಗ ಖಾಲಿ. ಖಾಲಿ ಬರುವುದೇಕೆ ಎಂದು ಯಾರೋ ಒಬ್ಬಳು ಬಳೆ ತರಲು ಹೇಳಿದಳಂತೆ, ಇನ್ನೊಬ್ಬಳು ಕುಪ್ಪಸದ ಬಟ್ಟೆ. ನಾನು ಬರುವ ಹೊತ್ತಿಗೆ ಊರಿನ ಅರ್ಧ ಹೆಂಗಸರ ಸೀರೆ, ಬಳೆ, ಕುಂಕುಮ, ಕಾಫಿಬೀಜ, ಮಕ್ಕಳ ಅಂಗಿ ಎಲ್ಲ ಅವಳ ಕೈಯಿಂದಲೇ ಬರುತ್ತಿದ್ದವು. ಇದಕ್ಕೆ ಅವಳು ದುಡ್ಡು ಮುಟ್ಟುತ್ತಿರಲಿಲ್ಲ. ಸುಗ್ಗಿಯಲ್ಲಿ ಮನೆಗಿಷ್ಟು ಜೋಳ ಹಾಕಿಸಿಕೊಳ್ಳುತ್ತಿದ್ದಳು, ಅಷ್ಟೇ. "ಊರಿಗೆ ಉಪಕಾರಿ, ಮನಿಗೆ ಮಾರಿ" ಎಂದು ಅವಳ ಗಂಡ ಚುಚ್ಚಿದರೆ, "ಮನ್ಯಾಗ ನಿನ್ನ ಬಿಟ್ಟರ ಮಾರಿ ಯಾರೂ ಇಲ್ಲ" ಎಂದು ತಿರುಗಿ ಹೇಳುತ್ತಿದ್ದಳು.

ಓದು ಬರಹ ಬರುತ್ತಿರಲಿಲ್ಲ. ಯಾರು ಏನು ಹೇಳಿದರು ಎಂಬುದಕ್ಕೆ ಸೆರಗಿನಲ್ಲಿ ಗಂಟು ಹಾಕುತ್ತಿದ್ದಳು. ನಮ್ಮತ್ತೆಯ ಗಂಟಿನಲ್ಲಿ ಒಂದು ಕಾಫಿಬೀಜ, ಪೋಸ್ಟ್ ಮಾಸ್ತರರ ಹೆಂಡತಿಯ ಗಂಟಿನಲ್ಲಿ ಒಡೆದ ಬಳೆಯ ಚೂರು, ಹೀಗೆ. ಗುರುವಾರ ಬೆಳಿಗ್ಗೆ ಬಸ್ಸಿಗೆ ನಿಂತ ಲಿಂಗಕ್ಕನ ಸೆರಗು ಹುಣಸೆಕಾಯಿ ಬಿಟ್ಟ ಕೊಂಬೆಯಂತೆ ಜೋತುಬಿದ್ದಿರುತ್ತಿತ್ತು.

ಆದರೆ ಗಂಟು ದೊಡ್ಡ ವಿಷಯವಲ್ಲ, ಸಾಮಾನು ತರುವವರು ಎಲ್ಲ ಊರಲ್ಲೂ ಇರುತ್ತಾರೆ. ಲಿಂಗಕ್ಕನಿಗೆ ಒಂದು ಮಾತಿನ ಅರ್ಥ ಗೊತ್ತಿತ್ತು. ನಮ್ಮ ಕಡೆಯ ಹೆಂಗಸರು ಇಂಥದೇ ಬೇಕೆಂದು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಆಸೆಬುರುಕಿ ಎನ್ನುತ್ತಾರೆ. "ಏನಾರ ತಾ, ಲಿಂಗಕ್ಕ" ಎನ್ನುವುದೇ ಮರ್ಯಾದೆ. ಏನಾದರೂ ತಾ, ನಿನ್ನ ಕಣ್ಣಿಗೆ ಚಂದ ಕಂಡಿದ್ದು ತಾ. ಈ ಮಾತನ್ನು ನಂಬಿ ಏನಾದರೂ ತಂದವಳ ಕಥೆ ಮುಗಿಯಿತೆಂದೇ ಲೆಕ್ಕ. ನಮ್ಮತ್ತೆ ಅಂಬೂಬಾಯಿ "ಯಾವುದಾದರೇನು, ಮೈ ಮುಚ್ಚಿದರೆ ಸಾಕು" ಎಂದರೆ, ಒಂಬತ್ತು ಗಜದ್ದು, ಸಣ್ಣ ಅಂಚು, ಒಡಲಲ್ಲಿ ಹೂವಿರಬಾರದು, ಕಪ್ಪು ಎಳೆ ಒಂದೂ ಸುಳಿದಿರಬಾರದು ಎಂದರ್ಥ. ಆ ಸೀರೆಯನ್ನು ಲಿಂಗಕ್ಕ ಮುಟ್ಟಿದ್ದಾಳೆಂದು ಕಟ್ಟೆಯ ಮೇಲೆ ಇಡಿಸಿ, ನೀರು ಚಿಮುಕಿಸಿಯೇ ಒಳಗೆ ಒಯ್ಯುತ್ತಿದ್ದರು. ಆರಿಸುವುದಕ್ಕೆ ಮಾತ್ರ ಅವಳೇ ಬೇಕು. ಪೋಸ್ಟ್ ಮಾಸ್ತರರ ಹೆಂಡತಿ "ಕಡಿಮೆ ಬೆಲೆಯದೇ ಇರಲಿ" ಎನ್ನುತ್ತಿದ್ದರು. ಪಕ್ಕದ ಮನೆಯವಳ ಸೀರೆಗಿಂತ ಒಂದು ಎಳೆಯಾದರೂ ಮೇಲಿರಲಿ ಎಂಬುದು ಅದರ ತಿರುಳು. ನಾನೋ ಬುದ್ಧಿವಂತೆಯ ಹಾಗೆ ಬಾಯಿಬಿಟ್ಟೇ ಹೇಳಿದೆ, ನನಗೆ ಹೂವಿನ ಸೀರೆ ಬೇಡ ಎಂದು. ಯುಗಾದಿಗೆ ಸಾದಾ ಸೀರೆ ತಂದಳು. ದೀಪಾವಳಿಗೆ ಮೈತುಂಬ ಹೂವಿದ್ದದ್ದನ್ನು ತಂದಳು. ಜಗಳಕ್ಕೆ ನಿಂತೆ.

"ನೀ ಹೇಳಿದ್ದು ಶಾಲಿಗಿ ಉಡೋ ಸೀರಿ, ಟೀಚರಮ್ಮ. ಹಬ್ಬದಾಗ ನೀ ಮಂದಿ ಸೀರಿ ಹೂವ ನೋಡಿಕೋತ ನಿಂತಿದ್ದಿ, ನಾ ನೋಡೀನಿ" ಎಂದಳು. ಬಾಯಿ ಮುಚ್ಚಿಕೊಂಡು ಆ ಸೀರೆ ಉಟ್ಟೆ, ಹನ್ನೆರಡು ವರ್ಷ ಉಟ್ಟೆ.

ಇದನ್ನೆಲ್ಲ ಹೇಗೆ ಕಲಿತೆ ಎಂದು ಒಮ್ಮೆ ಕೇಳಿದ್ದೆ. ಅವಳು ಹೇಳಿದ್ದು ಇಷ್ಟು: "ಬಾಯಿ ಹೇಳಿದ್ದು ನಂಬಬಾರದು. ವಾಪಸ್ ಬಂದದ್ದು ನೋಡಬೇಕು. ಇದು ಒಲ್ಲೆ ಅಂತ ಕೊಟ್ಟರಂದರ ಮುಂದಿನ ಸಲ ಏನು ತರಬಾರದು ಅಂತ ತಿಳೀತು. ವಾಪಸ್ ಬರಲಿಲ್ಲಂದರ ಸೇರೇತಿ ಅಂತ." ಆದೋನಿಯ ಬಜಾರಪ್ಪನ ಬಟ್ಟೆಯಂಗಡಿಯಲ್ಲಿ ಅವಳಿಗೆ ಆ ಅನುಕೂಲವಿತ್ತು. ಗುರುವಾರ ಒಯ್ದದ್ದನ್ನು ಸೋಮವಾರ ಹಿಂದಕ್ಕೆ ಕೊಡಬಹುದಾಗಿತ್ತು. ವರ್ಷಗಳು ಹೋದಂತೆ ಹಿಂದಕ್ಕೆ ಹೋಗುವ ಗಂಟು ಸಣ್ಣದಾಗುತ್ತಾ ಬಂತು. ಅದೇ ಅವಳ ಹೆಮ್ಮೆ.

ಅವಳ ಎಲ್ಲ ಮನೆಗಳಲ್ಲಿ ಒಂದೇ ಒಂದು ಸಲವೂ ಏನನ್ನೂ ಹಿಂದಕ್ಕೆ ಕೊಡದವಳು ಪಂಪಮ್ಮ ಒಬ್ಬಳೇ.

ಪಂಪಮ್ಮ ನಮ್ಮ ಎದುರು ಮನೆಯ ಮಲ್ಲಯ್ಯನ ತಂಗಿಯ ಮಗಳು. ಆ ತಂಗಿಯನ್ನು ಪತ್ತಿಕೊಂಡದ ಆಚೆಯ ಬರೀ ತೆಲುಗಿನ ಹಳ್ಳಿಯೊಂದಕ್ಕೆ ಕೊಟ್ಟಿದ್ದರು. ಅವಳೂ ಅವಳ ಗಂಡನೂ ಒಂದೇ ಬೇಸಿಗೆಯಲ್ಲಿ ಜ್ವರಕ್ಕೆ ಹೋದರು. ಒಂಬತ್ತು ವರ್ಷದ ಮಗಳನ್ನು ಮಲ್ಲಯ್ಯ ತನ್ನ ಮನೆಗೆ ತಂದು ಸಾಕಿದ. ಒಳ್ಳೆಯ ಮನುಷ್ಯ. ಅವನ ಹೆಂಡತಿ ಉಚ್ಚಮ್ಮನೂ ಕೆಟ್ಟವಳಲ್ಲ, ಹೊಟ್ಟೆಗೆ ಕಡಿಮೆ ಮಾಡಿದವಳಲ್ಲ. ಆದರೂ ಸಾಕಿದ ಮನೆ ಸಾಕಿದ ಮನೆಯೇ. ಆ ಹುಡುಗಿ ಬಟ್ಟಲು ಚಾಚಿ ಇನ್ನೊಂದಿಷ್ಟು ಹಾಕು ಎಂದದ್ದನ್ನು ನಾನು ನೋಡಲಿಲ್ಲ. ಕೇಳಿದ್ದಕ್ಕೆಲ್ಲ ಅವಳದು ಒಂದೇ ಉತ್ತರ, "ನಿಮ್ಮಿಷ್ಟ." ಲಿಂಗಕ್ಕ ಅವಳಿಗೆ ಹಸಿರು ಲಂಗ ತರುತ್ತಿದ್ದಳು, ಆಮೇಲೆ ಹಸಿರು ದಾವಣಿ, ಹಸಿರು ಸೀರೆ. ಪಂಪಮ್ಮನಿಗೆ ಹಸಿರೆಂದರೆ ಪ್ರಾಣ ಎಂದು ಊರಿಗೇ ಗೊತ್ತಿತ್ತು. ನಾನೇ ಒಮ್ಮೆ ಶಾಲೆಯ ಬಹುಮಾನದಲ್ಲಿ ಅವಳಿಗೆಂದು ಹಸಿರು ರಿಬ್ಬನ್ನು ಎತ್ತಿಟ್ಟಿದ್ದೆ.

1980ರ ಮಾಘದಲ್ಲಿ ಪಂಪಮ್ಮನಿಗೆ ನಾಗಲದಿನ್ನೆಯಿಂದ ಸಂಬಂಧ ಬಂತು. ಹುಡುಗನ ಹೆಸರು ಆಂಜನೇಯ, ಹೊಳೆದಂಡೆಗೆ ಭತ್ತದ ಗದ್ದೆ, ತಂದೆಯಿಲ್ಲ, ತಾಯಿ ಜಯಕ್ಕ ಮತ್ತು ಒಬ್ಬ ದೊಡ್ಡಪ್ಪ. ಬಂದು ನೋಡಿದರು, ಒಪ್ಪಿದರು. ಮಲ್ಲಯ್ಯ ಹುಡುಗಿಯನ್ನು ಕೇಳಿದ. "ನಿಮ್ಮಿಷ್ಟ ಮಾವ" ಎಂದಳು. ಬೇರೆಯವರಾಗಿದ್ದರೆ ಅಷ್ಟಕ್ಕೇ ಎಲೆ ಅಡಿಕೆ ಹಂಚುತ್ತಿದ್ದರು. ಮಲ್ಲಯ್ಯನಿಗೆ ಸಮಾಧಾನವಾಗಲಿಲ್ಲ. ತಂಗಿಯ ಮಗಳು, ನಾಳೆ ಕಣ್ಣೀರು ಹಾಕಿದರೆ ಸತ್ತವಳಿಗೆ ಏನು ಹೇಳಲಿ ಎಂಬ ಚಿಂತೆ ಅವನಿಗೆ. ಬೆಣ್ಣೆ ಕಡೆಯುತ್ತಿದ್ದ ಲಿಂಗಕ್ಕನ ಹತ್ತಿರ ಹೋಗಿ ಕೂತ.

"ಊರಾಗ ಎಲ್ಲಾರ ಮನಸು ನಿನಗ ಗೊತ್ತು. ಈಕಿದು ನೀನ ಹೇಳವಾ. ಆ ಹುಡುಗ ಈಕಿಗಿ ಸೇರತಾನೋ ಇಲ್ಲೋ?"

ಲಿಂಗಕ್ಕ ಕಡಗೋಲನ್ನೂ ನಿಲ್ಲಿಸಲಿಲ್ಲವಂತೆ. "ಆ ಹುಡುಗಿ ಮನಸು ನನಗ ಅಂಗೈ ಗೆರಿ. ಎಂಟು ವರ್ಷದಾಗ ನಾ ತಂದದ್ದು ಒಂದೂ ವಾಪಸ್ ಮಾಡಿಲ್ಲ ಆಕಿ. ಸೇರತಾನ. ಹೂಂ ಅನ್ನು" ಎಂದಳು. ಮಲ್ಲಯ್ಯ ಹಗುರಾಗಿ ಮನೆಗೆ ಬಂದು ನಾಗಲದಿನ್ನೆಗೆ ಮಾತು ಕಳಿಸಿದ. ಮುಂದಿನ ಸೋಮವಾರ ವೀಳ್ಯ ಎಂದಾಯಿತು. ನಮ್ಮಲ್ಲಿ ಎರಡು ಕಡೆಯವರೂ ಎಲೆ ಅಡಿಕೆ ಬದಲಿಸಿಕೊಂಡರೆಂದರೆ ಮದುವೆ ಆದಂತೆಯೇ. ಆಮೇಲೆ ಹಿಂದೆ ಸರಿದ ಮನೆಯ ಹೆಣ್ಣನ್ನು ಯಾರೂ ಕೇಳುವುದಿಲ್ಲ.

ವೀಳ್ಯದ ಸೀರೆಗೆ ಕುಪ್ಪಸ ಹೊಲಿಸಬೇಕಿತ್ತು, ಅಳತೆಗೆ ಹುಡುಗಿಯೇ ಹೋಗಬೇಕು. ಉಚ್ಚಮ್ಮನ ಕಾಲು ಊದಿಕೊಂಡಿತ್ತು. ಹಾಗಾಗಿ ಆ ಗುರುವಾರ ಲಿಂಗಕ್ಕನ ಜೊತೆ ಪಂಪಮ್ಮ ಆದೋನಿಗೆ ಹೊರಟಳು. ಎಂಟು ವರ್ಷದಲ್ಲಿ ಅದೇ ಮೊದಲು. ನನ್ನ ಕನ್ನಡಕದ ಕಾಲು ಮುರಿದಿತ್ತು, ಒಂದು ದಿನ ರಜೆ ಹಾಕಿ ನಾನೂ ಬಸ್ಸು ಹತ್ತಿದೆ. ಉಚ್ಚಮ್ಮ ಬಾಗಿಲಲ್ಲೇ ನಿಂತು ಕೂಗಿ ಹೇಳಿದಳು: "ಹಸರ ತಾರವಾ, ನಿನಗ ಗೊತ್ತೈತೆಲ್ಲ!"

ಬಜಾರಪ್ಪ ಚಾಪೆಯ ಮೇಲೆ ಹಸಿರನ್ನೇ ಹಾಸುತ್ತಾ ಹೋದ. ಗಿಳಿ ಹಸಿರು, ಎಲೆ ಹಸಿರು, ಮೆಂತ್ಯೆ ಸೊಪ್ಪಿನದು, ಪಾಚಿಯದು. ಲಿಂಗಕ್ಕ ಒಂದೊಂದನ್ನೂ ಬೆರಳಲ್ಲಿ ಉಜ್ಜಿ, ಬೆಳಕಿಗೆ ಹಿಡಿದು, ಅಂಚು ತಿರುವಿ ನೋಡುತ್ತಿದ್ದಳು. ನಾನು ಹುಡುಗಿಯನ್ನು ನೋಡುತ್ತಿರಲಿಲ್ಲ, ಲಿಂಗಕ್ಕನ ಕೈಚಳಕ ನೋಡುತ್ತಿದ್ದೆ. ಲಿಂಗಕ್ಕ ಮಾತ್ರ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು. ಹಿಂದಿನ ಗಿರಾಕಿಗೆ ಬಿಚ್ಚಿ ತೋರಿಸಿದ ಸೀರೆಗಳ ರಾಶಿ ಚಾಪೆಯ ಮೂಲೆಯಲ್ಲಿ ಹಾಗೇ ಬಿದ್ದಿತ್ತು. ಪಂಪಮ್ಮನ ಕೈ ಅದರೊಳಗಿನ ಒಂದು ಸೀರೆಯ ಮೇಲಿತ್ತು. ಉಳ್ಳಾಗಡ್ಡಿಯ ಮೇಲಿನ ಸಿಪ್ಪೆಯ ಬಣ್ಣದ್ದು, ಅತ್ತ ಕೆಂಪೂ ಅಲ್ಲ, ಇತ್ತ ಗುಲಾಬಿಯೂ ಅಲ್ಲ. ಅದನ್ನು ಅವಳು ಎತ್ತಿರಲಿಲ್ಲ. ಮಗುವಿನ ತಲೆ ಸವರುವಂತೆ ಸವರುತ್ತಿದ್ದಳು, ಅಷ್ಟೇ.

"ಅದು ಚಂದ ಐತೇನು?" ಎಂದಳು ಲಿಂಗಕ್ಕ.

ಹುಡುಗಿ ಕೈ ತೆಗೆದಳು. "ನಿನ್ನಿಷ್ಟ ಅತ್ತಿ."

"ನನ್ನಿಷ್ಟ ಬಿಡು. ಹಸರು ನಿನಗ ಸೇರತೈತೋ ಇಲ್ಲೋ, ಖರೇ ಹೇಳು."

ಪಂಪಮ್ಮ ನನ್ನ ಕಡೆ ನೋಡಿದಳು, ಬಜಾರಪ್ಪನ ಕಡೆ ನೋಡಿದಳು. ಆಮೇಲೆ ಬಹಳ ಮೆಲ್ಲಗೆ, "ಇಲ್ಲ" ಎಂದಳು.

"ಮತ್ತ ಮೊದಲನೇ ವರ್ಷ ನಾನ ಕೇಳಿದ್ದೆಲ್ಲೇ! ಯಾವ ಬಣ್ಣ ಬೇಕವಾ ಅಂದರ ಪಚ್ಚದಿ ಅಂದಿ. ನಿನ್ನ ಬಾಯಿಲೆ ಅಂದಿ!"

"ಅಂದಿದ್ದೆ" ಎಂದಳು ಹುಡುಗಿ. "ಪಚ್ಚದಿ ಅಂದರ ಹಳದಿ ಅತ್ತಿ. ನಮ್ಮ ಊರಾಗ ಅರಿಶಿಣದ ಬಣ್ಣಕ್ಕ ಹಂಗ ಅಂತಿದ್ದರು. ನನಗ ಆಗ ಕನ್ನಡ ಬರತಿರಲಿಲ್ಲ."

ಬಜಾರಪ್ಪ ಹೌದೆಂದು ತಲೆಯಾಡಿಸಿದ. ತೆಲುಗಿನವರಿಗೆ ಎಲೆಯದೂ ಪಚ್ಚವೇ, ಅರಿಶಿಣದ್ದೂ ಪಚ್ಚವೇ. ಕಾಮಾಲೆಗೂ ಅವರು ಪಚ್ಚ ಕಾಮೆರ್ಲು ಎನ್ನುತ್ತಾರೆ. ಅದು ಲಿಂಗಕ್ಕನಿಗೆ ಗೊತ್ತಿಲ್ಲದ ವಿಷಯವಲ್ಲ, ಅರ್ಧ ದಿನ ತೆಲುಗಿನಲ್ಲೇ ವ್ಯಾಪಾರ ಮಾಡುವವಳು. ಆದರೆ ಕಡುಬೂರಿನ ಮನೆಯಂಗಳದಲ್ಲಿ ಕೇಳಿದ ಮಾತು ಕನ್ನಡದ ಕಿವಿಯಲ್ಲಿ ಪಚ್ಚೆಯಾಗಿ ಇಳಿದಿತ್ತು, ಗಂಟು ಬಿದ್ದಿತ್ತು. ಎಂಟು ವರ್ಷ ಯಾರೂ ಆ ಗಂಟು ಬಿಚ್ಚಿ ನೋಡಿರಲಿಲ್ಲ.

"ವಾಪಸ್ ಮಾಡಬೇಕಿಲ್ಲೇನ ಮಗಳ? ಎಲ್ಲಾರೂ ಮಾಡತಾರ. ನೀ ಯಾಕ ಸುಮ್ಮನಿದ್ದಿ?"

ಪಂಪಮ್ಮ ಇದಕ್ಕೆ ಯೋಚಿಸಲೇ ಇಲ್ಲ. ಉತ್ತರ ಯಾವಾಗಲೋ ಸಿದ್ಧವಿತ್ತು ಅನಿಸುತ್ತದೆ. "ವಾಪಸ್ ಮಾಡಿದ್ದರ ನನಗ ಇನ್ನೊಂದು ತರಸತಿದ್ದರೇನು ಅತ್ತಿ?"

ನನಗೆ ಕಣ್ಣು ತುಂಬಿತು, ಕನ್ನಡಕವೂ ಇರಲಿಲ್ಲ, ಒರೆಸಿಕೊಂಡೆ. ಲಿಂಗಕ್ಕನ ಕಣ್ಣಲ್ಲಿ ನೀರು ಬರಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು. ಮುಂದಿದ್ದ ಹಸಿರನ್ನೆಲ್ಲ ಪಕ್ಕಕ್ಕೆ ಸರಿಸಿ, "ಬಜಾರಪ್ಪ, ಹಳದಿ ತೆಗಿ" ಎಂದಳು.

"ಹಳದಿ ಬ್ಯಾಡ ಅತ್ತಿ" ಎಂದಳು ಹುಡುಗಿ. "ಆಗ ನಾ ಸಣ್ಣಾಕಿ. ಈಗ ಇದು." ಮತ್ತೆ ಆ ಉಳ್ಳಾಗಡ್ಡಿ ಬಣ್ಣದ ಮೇಲೆ ಕೈಯಿಟ್ಟಳು. ಲಿಂಗಕ್ಕ ಅದನ್ನೇ ಕಟ್ಟಿಸಿದಳು.

ಬಸ್ಸಿನಲ್ಲಿ ಹುಡುಗಿ ಕಿಟಕಿಯ ಪಕ್ಕ ಕೂತು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದಳು. ಖುಷಿಯಾಗಿದ್ದಳು, ಮುಖದಲ್ಲೇ ಗೊತ್ತಾಗುತ್ತಿತ್ತು. ಲಿಂಗಕ್ಕ ಖಾಲಿ ಗಡಿಗೆಯನ್ನು ತಬ್ಬಿಕೊಂಡು ಕೂತಿದ್ದಳು. ಊರು ಅರ್ಧ ದಾರಿ ಇರುವಾಗ ನನ್ನ ಕಿವಿಯ ಹತ್ತಿರ ಬಂದು, "ಸೀರಿ ಹೋಗಲಿ ಟೀಚರಮ್ಮ. ಸೀರಿ ಹರಿದು ಹೋಗತಾವ. ಆ ಹುಡುಗನ ಮಾತಿಗಿ ನಾ ಹೂಂ ಅಂದೀನಲ್ಲ" ಎಂದಳು.

ನನಗೂ ಅದೇ ಹೊಳೆದಿತ್ತು, ಆದರೆ ಹೇಳಲು ಧೈರ್ಯವಿರಲಿಲ್ಲ. "ಈಗಲೇ ಕೇಳು" ಎಂದೆ. ಲಿಂಗಕ್ಕ ಮುಂದಕ್ಕೆ ಬಾಗಿ, ನಾಗಲದಿನ್ನೆಯ ಹುಡುಗ ನಿನಗೆ ಸೇರುತ್ತಾನೇನು ಎಂದು ಕೇಳಿದಳು. ಪಂಪಮ್ಮನ ಮುಖದ ಖುಷಿ ಆರಿಹೋಯಿತು. "ನಿಮ್ಮಿಷ್ಟ" ಎಂದು ಮತ್ತೆ ಕಿಟಕಿಗೆ ತಿರುಗಿದಳು.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಹುಡುಗ ಒಳ್ಳೆಯವನಂತೆ, ನೀರಾವರಿ ಇದೆ, ತಾಯಿ ಸಾಧು, ಕೂಡಿಬಂದದ್ದನ್ನು ಯಾಕೆ ಕೆದಕುತ್ತೀ, ಸುಮ್ಮನಿರು ಎಂದೆ. ಓದಿದವಳು ನಾನು, ಮಕ್ಕಳಿಗೆ ನೀತಿಪಾಠ ಮಾಡುವವಳು. ಲಿಂಗಕ್ಕ ನನ್ನನ್ನು ನೋಡಿ, "ಹೌದು, ಚಲೋ ಹುಡುಗ ಇರಬೌದು. ಆ ಹಸರು ಸೀರಿನೂ ಚಲೋ ಸೀರಿನ ಇದ್ದವು" ಎಂದಳು.

ಸೋಮವಾರ ಬಂತು. ಲಿಂಗಕ್ಕ ಅವತ್ತು ಆದೋನಿಗೆ ಹೋಗಲಿಲ್ಲ. ಹತ್ತು ಗಂಟೆಗೆ ನಾಗಲದಿನ್ನೆಯವರ ಗಾಡಿ ಬಂತು. ಜಯಕ್ಕ, ದೊಡ್ಡಪ್ಪ, ನಾಲ್ಕು ಜನ ನೆಂಟರು. ವೀಳ್ಯಕ್ಕೆ ಹುಡುಗ ಒಳಗೆ ಬರುವ ರೂಢಿಯಿಲ್ಲ. ಆಂಜನೇಯ ಗಾಡಿ ಹೊಡೆದುಕೊಂಡು ಬಂದವನು ಬೇವಿನ ಮರದ ಕೆಳಗೆ ಎತ್ತಿಗೆ ಮೇವು ಹಾಕುತ್ತಾ ಅಲ್ಲೇ ಉಳಿದ. ಮಲ್ಲಯ್ಯನ ಪಡಸಾಲೆಯಲ್ಲಿ ಕಂಬಳಿ ಹಾಸಿ, ಊರ ಹಿರಿಯರಾದ ಚನ್ನಬಸಯ್ಯನವರನ್ನು ನಡುವೆ ಕೂರಿಸಿದ್ದರು. ಹೆಂಗಸರೆಲ್ಲ ಒಳಬಾಗಿಲ ಬಳಿ. ಪಂಪಮ್ಮ ಹೊಸ ಸೀರೆಯುಟ್ಟು, ತಲೆ ಮಂಡಿಗೆ ತಾಗುವಷ್ಟು ಬಗ್ಗಿಸಿ ಕೂತಿದ್ದಳು. "ಇದೇನವಾ, ಆಕಿಗಿ ಹಸರಲ್ಲೇನು ಸೇರೋದು?" ಎಂದು ಉಚ್ಚಮ್ಮ ನಾಲ್ಕನೇ ಸಲ ಲಿಂಗಕ್ಕನನ್ನು ಕೇಳಿದಳು.

ತಟ್ಟೆಯಲ್ಲಿ ಎಲೆ ಅಡಿಕೆ ಜೋಡಿಸಿಟ್ಟರು. ಚನ್ನಬಸಯ್ಯನವರು ಪದ್ಧತಿಯ ಪ್ರಕಾರ ಕೇಳಿದರು. "ಹುಡುಗಿ ಒಪ್ಪಿಗಿ ಆಗೇತೇನಪಾ ಮಲ್ಲಯ್ಯ?"

"ಆಗೇತ್ರಿ ಅಯ್ಯಾರ. ಬೇಕಂದರ ಲಿಂಗಕ್ಕನ್ನ ಕೇಳ್ರಿ, ಊರಿಂದೆಲ್ಲ ಮನಸು ಆಕಿ ಸೆರಗಿನಾಗ ಐತಿ." ಎಲ್ಲರೂ ನಕ್ಕರು. ನಗುವಿನ ಮಾತೇ ಅದು, ಉತ್ತರವನ್ನು ಯಾರೂ ಕಾಯುತ್ತಿರಲಿಲ್ಲ.

ಲಿಂಗಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ನನಗ ಗೊತ್ತಿಲ್ರಿ" ಎಂದಳು.

ನಗು ನಿಂತಿತು. ಮಲ್ಲಯ್ಯ ತಿರುಗಿ ನೋಡಿದ. "ಏನು ಗೊತ್ತಿಲ್ಲ? ಹೋದ ವಾರ ನೀನ ಹೇಳಿದೆಲ್ಲ!"

"ಹೇಳಿದ್ದೆ. ಗೊತ್ತಿಲ್ಲದನ ಹೇಳಿದ್ದೆ. ತಪ್ಪಾತು. ಆಕಿ ಮನಸು ನನಗ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಆಕಿನ್ನ ಕೇಳ್ರಿ."

ಇಪ್ಪತ್ತು ವರ್ಷ ಕಟ್ಟಿಕೊಂಡ ಹೆಸರನ್ನು ಅವಳು ಆ ಚೌಕಟ್ಟಿನಲ್ಲಿ ನಿಂತು ಬಿಟ್ಟುಕೊಟ್ಟಳು. ನನಗೆ ಆ ಕ್ಷಣದಲ್ಲಿ ಅವಳ ಮೇಲೆ ಹೆಮ್ಮೆ ಬರಲಿಲ್ಲ, ಭಯವಾಯಿತು. ಹುಡುಗನ ದೊಡ್ಡಪ್ಪ ಹೆಗಲ ಮೇಲಿನ ಟವಲು ಕೊಡವಿ, ಅರ್ಧ ಎದ್ದೇಬಿಟ್ಟಿದ್ದ. "ನಮ್ಮ ಹುಡುಗನಾಗ ಏನು ಐಬು ಕಂಡೀರಿ? ಕರೆಸಿ ಮಾನ ತೆಗೀತೀರೇನು?" ಎಂದ.

"ನಿಮ್ಮ ಹುಡುಗಂದು ಏನೂ ಇಲ್ಲಪಾ, ಐಬು ನಂದು" ಎಂದಳು ಲಿಂಗಕ್ಕ.

ಚನ್ನಬಸಯ್ಯನವರು ಕೈಯೆತ್ತಿ ಸಮಾಧಾನ ಮಾಡಿದರು. "ಕುಂದರ್ರಿ, ಕುಂದರ್ರಿ. ಹುಡುಗಿ ಸುಮ್ಮನ ಕುಂತಾಳಲ್ಲ? ಮೌನಂ ಸಮ್ಮತಿ ಲಕ್ಷಣಂ ಅಂತ ಶಾಸ್ತ್ರನ ಹೇಳೇತಿ. ಮುಗೀತು."

"ಅಯ್ಯಾರ, ಎಂಟು ವರ್ಷ ನಾನೂ ಹಂಗ ತಿಳಕೊಂಡಿದ್ದೆ" ಎಂದಳು ಲಿಂಗಕ್ಕ. ಆಗ ಅವಳ ಧ್ವನಿ ಒಡೆಯಿತು. ಅವಳು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

ಕೆಲಸ ಕೆಟ್ಟಿತು ಎಂದೇ ಎಲ್ಲರೂ ಅಂದುಕೊಂಡೆವು. ಉಳಿಸಿದವಳು ಹುಡುಗನ ತಾಯಿ. ಜಯಕ್ಕ ಆ ದೊಡ್ಡಪ್ಪನ ಟವಲಿನ ಚುಂಗು ಹಿಡಿದು ಕೂರಿಸುವಂತೆ ಕೈ ಸನ್ನೆ ಮಾಡಿ, "ಕೇಳ್ರಿ, ಅದರಾಗೇನು ಮಾನ ಹೋಗತೈತಿ. ನನ್ನ ಯಾರೂ ಕೇಳಿರಲಿಲ್ಲ. ಕೇಳಿದ್ದರ ಚಲೋ ಇತ್ತು" ಎಂದಳು.

ಮಲ್ಲಯ್ಯ ಎದ್ದು ಬಂದು ಹುಡುಗಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. "ಹೇಳವಾ ಪಂಪಿ. ನಿಮ್ಮಿಷ್ಟ ಅನಬ್ಯಾಡ. ನಿನಗ ಏನು ಬೇಕು?"

ಉತ್ತರ ಬೇಗ ಬರಲಿಲ್ಲ. ಹೊರಗೆ ಎತ್ತಿನ ಕೊರಳ ಗಂಟೆ ಅಲುಗುವುದು ಕೇಳುತ್ತಿತ್ತು. ದೊಡ್ಡಪ್ಪ ಎರಡು ಸಲ ಕೆಮ್ಮಿದ. ನಾನಾಗಿದ್ದರೆ ನಡುವೆ ಬಾಯಿ ಹಾಕಿಬಿಡುತ್ತಿದ್ದೆ, ಟೀಚರಿಗೆ ಮೌನ ತಡೆದುಕೊಳ್ಳುವುದು ಕಷ್ಟ. ಲಿಂಗಕ್ಕ ಹಿಂದಿನಿಂದ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಕೊನೆಗೆ ಪಂಪಮ್ಮ ತಲೆಯೆತ್ತದೆಯೇ ಹೇಳಿದಳು:

"ಎಲ್ಲಾರೂ ನನ್ನ ನೋಡ್ಯಾರ ಮಾವ. ನಾ ಬರೇ ಅವರ ಕಾಲು ನೋಡೀನಿ."

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಮೊದಲು ಅರ್ಥವಾದದ್ದು ಜಯಕ್ಕನಿಗೆ. ಅವಳು ಸೆರಗು ಬಾಯಿಗೆ ಹಿಡಿದು ನಗುತ್ತಾ ಬಾಗಿಲಿಗೆ ಹೋಗಿ, "ಏ ಆಂಜನೇಯ, ಒಳಗ ಬಾ. ಕಾಲು ತೊಳಕೊಂಡು ಬಾ, ಮಾರಿನೂ ತೊಳಕೋ" ಎಂದು ಕೂಗಿದಳು. ಚನ್ನಬಸಯ್ಯನವರು ಏನೋ ಹೇಳಲು ಹೋಗಿ, ಬೇಡವೆಂದು ಅಡಿಕೆ ಬಾಯಿಗೆ ಹಾಕಿಕೊಂಡರು.

ಆಂಜನೇಯ ಬಂದು ಹೊಸ್ತಿಲ ಒಳಗೆ ನಿಂತ. ಎತ್ತರದ ಹುಡುಗ, ಮೀಸೆಗೆ ಇನ್ನೂ ಧೈರ್ಯ ಬಂದಿರಲಿಲ್ಲ, ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಮೇವಿನ ಕಡ್ಡಿ ಒಂದು ತಲೆಯಲ್ಲಿ ಸಿಕ್ಕಿಕೊಂಡಿತ್ತು. ಪಂಪಮ್ಮ ತಲೆಯೆತ್ತಿ ಅವನನ್ನು ನೋಡಿದಳು. ಬಜಾರಿನಲ್ಲಿ ಸೀರೆಯನ್ನು ಕದ್ದು ಸವರಿದ ಹಾಗಲ್ಲ, ನೇರವಾಗಿ, ಅವಸರವಿಲ್ಲದೆ ನೋಡಿದಳು. ಪಾಪ, ಆ ಹುಡುಗ ತಡೆದುಕೊಳ್ಳಲಾರದೆ ನೆಲ ನೋಡತೊಡಗಿದ. ಈ ಸಲ ಕಾಲು ನೋಡುವ ಸರದಿ ಅವನದು.

"ಕೈಗೆ ಏನಾಗೇತಿ?" ಎಂದು ಕೇಳಿದಳು ಪಂಪಮ್ಮ. ಅವಳು ಪ್ರಶ್ನೆ ಕೇಳಿದ್ದನ್ನು ನಾವ್ಯಾರೂ ಅದಕ್ಕೆ ಮೊದಲು ಕೇಳಿರಲಿಲ್ಲ.

"ಕುಡುಗೋಲು ಬಡದೈತಿ" ಎಂದ ಆಂಜನೇಯ, ನೆಲಕ್ಕೇ.

"ನೋವೈತೇನು?"

"ಐತಿ" ಎಂದು ಅವನು ಒಪ್ಪಿಕೊಂಡ. ಗಂಡಸು, ಹತ್ತು ಜನರ ಮುಂದೆ ಏನಿಲ್ಲ ಬಿಡು ಎನ್ನಬಹುದಿತ್ತು. ಅನ್ನಲಿಲ್ಲ.

ಪಂಪಮ್ಮ ಇನ್ನೂ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮಾವನ ಕಡೆ ತಿರುಗಿ, "ಆಗಬೌದು. ನನಗ ಒಪ್ಪಿಗಿ ಐತಿ" ಎಂದಳು.

ಪಡಸಾಲೆಗೆಲ್ಲ ಉಸಿರು ಬಂತು. ಉಚ್ಚಮ್ಮ ಊದಿದ ಕಾಲನ್ನೂ ಮರೆತು ಸಕ್ಕರೆ ತರಲು ಓಡಿದಳು. ದೊಡ್ಡಪ್ಪ ಟವಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ಮಲ್ಲಯ್ಯ ಕಣ್ಣೊರೆಸಿಕೊಳ್ಳುತ್ತಾ, ನಗುತ್ತಾ, ಸಿಟ್ಟನ್ನೂ ಸೇರಿಸಿ ಲಿಂಗಕ್ಕನ ಕಡೆ ಬೆರಳು ಮಾಡಿ ಹೇಳಿದ: "ಇದನ್ನ ಈಕಿ ಹೋದ ವಾರನ ಹೇಳಿದ್ದಳಲ್ಲ! ಸೇರತಾನ, ಹೂಂ ಅನ್ನು ಅಂದಿದ್ದಳು. ಅದ ಮಾತಿಗಿ ಇಷ್ಟು ರಾದ್ಧಾಂತ ಆತಲ್ಲವಾ!"

ಲಿಂಗಕ್ಕ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಪಂಪಮ್ಮನೇ ಹೇಳಿದಳು.

"ಆಕಿ ಹೇಳಿದ್ದು ಬ್ಯಾರೆ ಮಾವ. ಈಗ ನಾ ಹೇಳೀನಿ."